‘ಡೆಲಿಕೇಟ್’ ಎಂಬ ವಿಶೇಷಣದ ಅರ್ಥವಿಲಾಸ



ದತ್ತಿಯೊಂದರ ಹೆಸರಿನಲ್ಲಿ ವರ್ಷಕ್ಕೊಮ್ಮೆ ನೆರೆಯುವ ಇಂತಹ ವಿದ್ವತ್ಸಭೆಯಲ್ಲಿ ಒಬ್ಬ ಕವಿಯನ್ನೋ, ಒಂದು ಕೃತಿಯನ್ನೋ, ಒಂದು ಶಾಸ್ತ್ರವನ್ನೋ ಪ್ರಸ್ತಾಪಕ್ಕೆತ್ತಿಕೊಳ್ಳುವುದು ರೂಢಿಯಾಗಿರಲು, ನಾನು ಈ ಸಂಜೆ ಆಂಗ್ಲಭಾಷೆಯ ಒಂದೇ ಒಂದು ವಿಶೇಷಣವನ್ನು, ಅಂದರೆ ‘ಡೆಲಿಕೇಟ್’ ಎಂಬುದನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ನಾಮಪದಗಳು ಒಂದು ಜನಾಂಗವು ಕಂಡುಂಡ ವಸ್ತುಗಳ ಪಟ್ಟಿಯಾದರೆ, ವಿಶೇಷಣಗಳು ಆ ವಸ್ತುಗಳನ್ನು ಆ ಜನಾಂಗವು ಯಾವ ಕಣ್ಣಿನಿಂದ ನೋಡಿತು, ಯಾವುದನ್ನು ಮೆಚ್ಚಿತು, ಯಾವುದಕ್ಕೆ ಅಂಜಿತು ಎಂಬುದರ ದಾಖಲೆ. ಒಡೆಯುವ ಗಾಜಿಗೂ, ಒಡೆಯದ ಕೀರ್ತಿಯುಳ್ಳ ಶಿಲ್ಪಕ್ಕೂ, ರೋಗಿಷ್ಠ ಶಿಶುವಿಗೂ, ಅತ್ಯಂತ ನಿಖರವಾದ ತಕ್ಕಡಿಗೂ, ರಾಯಭಾರಿಗಳ ಸಂಧಾನಕ್ಕೂ, ನಾಲಗೆಯ ಮೇಲೆ ಕರಗುವ ಸ್ವಾದಕ್ಕೂ ಒಂದೇ ಪದವು ಸಲ್ಲುತ್ತದೆಯೆಂದರೆ, ಆ ಪದದ ಗರ್ಭದಲ್ಲಿ ಒಂದು ವಿವಾದವು ಅಡಗಿರಲೇಬೇಕು. ಆ ವಿವಾದವು ಇಂತಿದೆ: ನಯವೆಂಬುದು ದೌರ್ಬಲ್ಯದ ಇನ್ನೊಂದು ಹೆಸರೋ, ಅಥವಾ ಅಣುಮಾತ್ರದ ಭೇದವನ್ನೂ ಗ್ರಹಿಸಬಲ್ಲ ಒಂದು ಶಕ್ತಿಯೋ? ಎರಡನೆಯದೇ ಸರಿಯೆಂದು ನಾನು ದೃಢವಾಗಿ ನಂಬಿದ್ದೇನೆ. ಮೊದಲನೆಯದನ್ನು ನಂಬಿದ ಕಾಲಗಳು ಅನೇಕ ಜೀವಗಳಿಗೆ ಅನ್ಯಾಯವನ್ನೆಸಗಿವೆಯೆಂಬುದನ್ನೂ ಚರಿತ್ರೆಯಿಂದಲೇ ತೋರಿಸಬಹುದಾಗಿದೆ.

ಈ ಪದದ ಮೂಲವು ಲ್ಯಾಟಿನ್ನಿನ ‘ಡೆಲಿಕಾಟುಸ್’. ಅದಕ್ಕೆ ನೆರೆಹೊರೆಯಾದ ಪದ ‘ಡೆಲಿಕಿಯೆ’. ಆನಂದ, ವಿಲಾಸ, ಮುದ್ದಿನ ವಸ್ತು ಎಂದೆಲ್ಲ ಅದರ ಅರ್ಥ. ಕವಿ ಕತುಲ್ಲಸ್ ತನ್ನ ಪ್ರಿಯತಮೆಯ ಮುದ್ದಿನ ಗುಬ್ಬಚ್ಚಿಯನ್ನು ಈ ಪದದಿಂದಲೇ ಕರೆದನು. ಚರಿತ್ರಕಾರ ಸ್ವೆಟೋನಿಯಸ್ ಚಕ್ರವರ್ತಿ ಟೈಟಸನನ್ನು ಮನುಕುಲದ ಮುದ್ದಿನವನೆಂದು ಬಣ್ಣಿಸುವಾಗಲೂ ಇದನ್ನೇ ಬಳಸಿದನು. ಆದಿಯಲ್ಲಿ ಈ ಪದವು ವಸ್ತುವಿನ ಬಲಾಬಲವನ್ನು ಹೇಳುತ್ತಿರಲಿಲ್ಲ. ಅದು ನೋಡುವವನಿಗೆ ಉಂಟಾಗುವ ಸುಖವನ್ನು ಹೇಳುತ್ತಿತ್ತು. ಸುಖವನ್ನೀಯುವುದು ಬರಬರುತ್ತ ಸುಖದಲ್ಲಿ ಬೆಳೆದುದಾಯಿತು; ಸುಖದಲ್ಲಿ ಬೆಳೆದುದು ಕಷ್ಟವನ್ನು ತಾಳಲಾರದುದಾಯಿತು. ಶಿಸ್ತಿನ ಸೈನಿಕರಾದ ರೋಮನರ ಬಾಯಲ್ಲಿ ‘ಡೆಲಿಕಾಟುಸ್’ ಎಂಬುದು ಅನೇಕ ವೇಳೆ ನಿಂದೆಯೇ ಆಗಿತ್ತೆಂಬುದರಲ್ಲಿ ಆಶ್ಚರ್ಯವಿಲ್ಲ. ಅದೇ ಪದವು ಸ್ಪೇನಿಗೆ ಹೋಗಿ ‘ದೆಲ್ಗಾದೋ’ ಆಗಿ ಕೇವಲ ‘ತೆಳ್ಳಗಿನ’ ಎಂಬ ಅರ್ಥದಲ್ಲಿ ನಿಂತುಬಿಟ್ಟಿತು. ಫ್ರಾನ್ಸಿನಲ್ಲಿ ನೂಲಿನ ನವಿರನ್ನು ಹೇಳುವ ‘ದೆಲಿಯೆ’ ಆಯಿತು. ಜರ್ಮನಿಯಲ್ಲಿ ರುಚಿಯಾದ ತಿನಿಸುಗಳ ಹೆಸರಾಗಿ, ವಲಸೆಗಾರರೊಡನೆ ನ್ಯೂಯಾರ್ಕ್ ನಗರವನ್ನು ಸೇರಿ, ಬೀದಿಮೂಲೆಯ ತಿಂಡಿಯಂಗಡಿಯ ‘ಡೆಲಿ’ ಎಂಬ ಫಲಕವಾಯಿತು. ಇಂಗ್ಲಿಷ್ ಮಾತ್ರ ಯಾವುದೊಂದನ್ನೂ ಬಿಟ್ಟುಕೊಡದೆ, ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಿಂದ ಈವರೆಗೆ ಬಂದ ಅರ್ಥಗಳನ್ನೆಲ್ಲ ಒಂದೇ ಮನೆಯಲ್ಲಿ ಇರಿಸಿಕೊಂಡಿತು. ಆದಕಾರಣವೇ ಈ ವಿಶೇಷಣದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಓದುವುದು ಫಲಪ್ರದವಾದುದು.

1611ನೆಯ ವರ್ಷವು ನಮಗೆ ವಿಶೇಷ ಅನುಕೂಲವನ್ನು ಒದಗಿಸಿದೆ. ಆ ವರ್ಷ ಜೇಮ್ಸ್ ದೊರೆಯ ಆಶ್ರಯದಲ್ಲಿ ಸಿದ್ಧವಾದ ಬೈಬಲ್ಲಿನ ಆಂಗ್ಲ ಅನುವಾದವು ಪ್ರಕಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ಅದೇ ದೊರೆಯ ಮುಂದೆ ಅಭಿನಯಿಸಲಾಯಿತು. ಬೈಬಲ್ಲಿನಲ್ಲಿ, ಧರ್ಮೋಪದೇಶಕಾಂಡದ ಶಾಪವಾಕ್ಯಗಳ ನಡುವೆ, ಸೌಕುಮಾರ್ಯದ ದೆಸೆಯಿಂದ ನೆಲಕ್ಕೆ ಅಂಗಾಲನ್ನು ಸೋಕಿಸದಿದ್ದ ಹೆಂಗಸೊಬ್ಬಳು ಬರುತ್ತಾಳೆ. ನಗರಕ್ಕೆ ಮುತ್ತಿಗೆ ಬಿದ್ದು ಕ್ಷಾಮವು ತಲೆದೋರಿದಾಗ ಅವಳೇ ತನ್ನ ಹಸುಗೂಸಿನ ಮಾಂಸಕ್ಕೆ ಆಸೆಪಡುವಳೆಂಬ ಭಯಂಕರ ಭವಿಷ್ಯವನ್ನು ಅಲ್ಲಿ ನುಡಿಯಲಾಗಿದೆ. ಅಲ್ಲಿಯ ‘ಡೆಲಿಕೇಟ್’ ಎಂಬುದು ಐಶ್ವರ್ಯವು ಕೊಟ್ಟ ಮೃದುತ್ವ. ಐಶ್ವರ್ಯದೊಡನೆಯೇ ಅದು ಹೊರಟುಹೋಗತಕ್ಕದ್ದು. ಹಳೆಯ ಪ್ರವಾದಿಗಳ ಕಠೋರ ದೃಷ್ಟಿಗೆ ಈ ಗುಣವು ಪರೀಕ್ಷೆಯಲ್ಲಿ ನಿಲ್ಲಲಾರದ ಒಂದು ಲೇಪನ ಮಾತ್ರ.

ನಾಟಕದಲ್ಲಿಯೋ ಇದೇ ಪದವು ಬೇರೆಯೇ ಪ್ರಭೆಯಿಂದ ಬೆಳಗುತ್ತದೆ. ಕುವೆಂಪು ಅವರ ‘ಬಿರುಗಾಳಿ’ಯ ಮೂಲಕ ಕನ್ನಡಿಗರಿಗೆ ಪರಿಚಿತವಾಗಿರುವ ಆ ಕಥೆಯಲ್ಲಿ, ದ್ವೀಪದ ಹಿತವಾದ ಹವೆಯನ್ನು ಹೊಗಳುವ ಆಸ್ಥಾನಿಕನು ಈ ವಿಶೇಷಣವನ್ನು ಆಡುತ್ತಾನೆ; ಅವನನ್ನು ಹಳಿಯುವ ದುಷ್ಟನು ಅದನ್ನೇ ಹಿಡಿದು ಒಬ್ಬ ಹೆಂಗಸಿನ ವಿಷಯವಾಗಿ ಅಶ್ಲೀಲವಾದ ಮಾತಾಗಿ ತಿರುಗಿಸುತ್ತಾನೆ; ಕುಡಿದು ಬಂದ ಪಾನಶಾಲೆಯ ಸೇವಕನು, ಒಂದೇ ಹೊದಿಕೆಯ ಕೆಳಗೆ ಮಲಗಿದ್ದ ಇಬ್ಬರನ್ನು ನಾಲ್ಕು ಕಾಲಿನ, ಎರಡು ದನಿಯ ಪ್ರಾಣಿಯೆಂದು ತಿಳಿದು ಅದಕ್ಕೂ ಇದೇ ಬಿರುದನ್ನು ಕೊಡುತ್ತಾನೆ; ಮತ್ತು ಪ್ರಾಸ್ಪೆರೋ ತನ್ನ ಸೇವಕನಾದ ವಾಯುರೂಪಿ ಏರಿಯಲ್‌ನನ್ನು ಕರೆಯುವುದೂ ಈ ಪದದಿಂದಲೇ. ಒಂದೇ ನಾಟಕದಲ್ಲಿ ಹವೆ, ಹೆಣ್ಣು, ವಿಕಾರ ಜಂತು, ಅಮಾನುಷ ಚೇತನ ಈ ನಾಲ್ಕಕ್ಕೂ ಸಂದ ಈ ಮಾತು, ಆಡುವವನ ಸಂಸ್ಕಾರವನ್ನು ಪ್ರತಿಯೊಂದು ಸಲವೂ ಬಯಲುಮಾಡುತ್ತದೆ. ಇವುಗಳಲ್ಲಿ ಅತ್ಯಂತ ಗಹನವಾದುದು ಏರಿಯಲ್‌ನ ಪ್ರಸಂಗ. ಮಾಟಗಾತಿ ಸಿಕೋರಾಕ್ಸಳು ತನ್ನ ಹೇಯವಾದ ಆಜ್ಞೆಗಳನ್ನು ನೆರವೇರಿಸಲು ಏರಿಯಲ್‌ನಿಗೆ ಆದೇಶಿಸಿದಳು; ಆ ಚೇತನವು ಅಂತಹ ಕೆಲಸಕ್ಕೆ ಒಪ್ಪದಷ್ಟು ಸುಕುಮಾರವಾಗಿದ್ದುದರಿಂದ ನಿರಾಕರಿಸಿತು; ಅದಕ್ಕಾಗಿ ಸೀಳಿದ ಪೈನ್ ಮರದೊಳಗೆ ಹನ್ನೆರಡು ವರ್ಷಗಳ ಸೆರೆಯನ್ನು ಅನುಭವಿಸಿತು. ಇಲ್ಲಿಯ ಸೌಕುಮಾರ್ಯವು ಅಬಲತೆಯಾಗಿದ್ದ ಪಕ್ಷದಲ್ಲಿ ಏರಿಯಲ್ ಮೊದಲನೆಯ ದಿನವೇ ಮಣಿಯಬೇಕಾಗಿತ್ತು. ಒರಟಾದುದನ್ನು ತನ್ನೊಳಗೆ ಬಿಟ್ಟುಕೊಳ್ಳಲಾರದ ಸ್ವಭಾವಶುದ್ಧಿಯೇ ಅದರ ಸುಕುಮಾರತೆ. ಮುಂದೆ ಸಮುದ್ರವನ್ನೇ ಕಲಕಿ ಬಿರುಗಾಳಿಯನ್ನೆಬ್ಬಿಸಿದುದೂ ಅದೇ ಚೇತನವೆಂಬುದನ್ನು ನಾವು ಮರೆಯಲಾಗದು.

ಶೇಕ್ಸ್‌ಪಿಯರನ ಇತರ ನಾಟಕಗಳಲ್ಲಿಯೂ ಈ ವಿಶೇಷಣವು ನಿರ್ಣಾಯಕವಾದ ಎಡೆಗಳಲ್ಲಿಯೇ ಸುಳಿಯುತ್ತದೆ. ಡಂಕನ್ ದೊರೆಯು ಮ್ಯಾಕ್‌ಬೆತ್‌ನ ಕೋಟೆಯ ಮುಂದೆ ನಿಂತಾಗ, ಬ್ಯಾಂಕೋ ಗೋಡೆಯ ಸಂದುಗಳಲ್ಲಿ ಗೂಡುಕಟ್ಟಿದ ಹಕ್ಕಿಗಳನ್ನು ತೋರಿಸಿ, ಅವು ನೆಲಸಿ ಮರಿಮಾಡುವೆಡೆಯ ಗಾಳಿಯು ಹಿತವಾಗಿಯೂ ನವಿರಾಗಿಯೂ ಇರುವುದನ್ನು ತಾನು ಕಂಡಿರುವುದಾಗಿ ಹೇಳುತ್ತಾನೆ. ಆ ರಾತ್ರಿಯೇ ದೊರೆಯ ಕೊಲೆ. ಲಿಯರ್ ಮಹಾರಾಜನು ಮಳೆಬಿರುಗಾಳಿಯಲ್ಲಿ ನಿಂತು, ಮನಸ್ಸು ನಿಶ್ಚಿಂತವಾಗಿರುವಾಗಲೇ ದೇಹಕ್ಕೆ ನೋವು ಗೊತ್ತಾಗುವುದೆಂದೂ, ಮನಸ್ಸಿನೊಳಗಣ ಚಂಡಮಾರುತವು ಇಂದ್ರಿಯಗಳ ಅರಿವನ್ನೆಲ್ಲ ಕಸಿದುಕೊಂಡಿದೆಯೆಂದೂ ಹೇಳುವ ಮಾತಿನಲ್ಲಿ ಈ ಪದವು ದೇಹದ ಸಂವೇದನಾಶಕ್ತಿಯನ್ನು ಸೂಚಿಸುತ್ತದೆ. ಅದೇ ಲಿಯರ್, ಹುಚ್ಚು ಕೆರಳಿದ ಮೇಲೆ, ಸದ್ದಾಗದಂತೆ ಕುದುರೆಗಳ ಗೊರಸಿಗೆ ಉಣ್ಣೆಯ ನಮದೆಯನ್ನು ತೊಡಿಸಿ ಶತ್ರುವಿನ ಮೇಲೆ ಬೀಳುವ ಹೂಟವನ್ನು ಇದೇ ವಿಶೇಷಣದಿಂದ ಮೆಚ್ಚುತ್ತಾನೆ. ಇಲ್ಲಿ ಪದವು ಯುದ್ಧತಂತ್ರದ ಚಾತುರ್ಯವನ್ನೂ ಹೇಳಬಲ್ಲುದಾಯಿತು. ಇಷ್ಟು ವೈವಿಧ್ಯವಿದ್ದರೂ ಆ ಕಾಲದ ಪ್ರಯೋಗಗಳಲ್ಲಿ ರೋಗದ ಛಾಯೆಯು ವಿರಳವೆಂಬುದು ಗಮನಾರ್ಹ.

ಹದಿನೆಂಟನೆಯ ಶತಮಾನದಲ್ಲಿ ಈ ವಿಶೇಷಣವು ತತ್ತ್ವಶಾಸ್ತ್ರದ ಮನೆಯನ್ನು ಹೊಕ್ಕಿತು. ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್ 1741ರಲ್ಲಿ ತನ್ನ ಪ್ರಬಂಧ ಸಂಗ್ರಹವನ್ನು ಆರಂಭಿಸಿದುದೇ ಅಭಿರುಚಿಯ ಸೌಕುಮಾರ್ಯ ಮತ್ತು ರಾಗದ್ವೇಷಗಳ ಸೌಕುಮಾರ್ಯ ಇವೆರಡನ್ನೂ ಬೇರ್ಪಡಿಸುವ ಲೇಖನದಿಂದ. ಈ ಲೇಖನದಲ್ಲಿ ನಾನು ಕೊಂಚ ಹೊತ್ತು ನಿಲ್ಲಬಯಸುತ್ತೇನೆ. ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಈ ಪದದ ಕುರಿತು ಆಂಗ್ಲಭಾಷೆಯಲ್ಲಿ ನಡೆದ ಚಿಂತನೆಗಳಲ್ಲಿ ಇದಕ್ಕಿಂತ ಮಿಗಿಲಾದುದಿಲ್ಲ. ಕೆಲವರು ಬಾಳಿನ ಪ್ರತಿಯೊಂದು ಆಗುಹೋಗಿಗೂ ಅತಿಯಾಗಿ ಮಿಡಿಯುವವರು. ಚಿಕ್ಕ ಗೌರವಕ್ಕೆ ಹಿಗ್ಗಿ, ಚಿಕ್ಕ ಅವಮಾನಕ್ಕೆ ಕುಗ್ಗಿ, ಗಾಳಿಗೊಡ್ಡಿದ ದೀಪದಂತೆ ಬದುಕುವವರು. ಇನ್ನು ಕೆಲವರು ಅಷ್ಟೇ ತೀವ್ರತೆಯಿಂದ ಒಂದು ಕವಿತೆಯ ಸೊಗಸಿಗೂ, ಒಂದು ಚಿತ್ರದ ಕುಂದಿಗೂ, ಒಂದು ನಡವಳಿಕೆಯ ಅಸಭ್ಯತೆಗೂ ಸ್ಪಂದಿಸುವವರು. ಇವೆರಡೂ ಒಂದೇ ಮೂಲದಿಂದ ಹುಟ್ಟಿದಂತೆ ತೋರುತ್ತವೆ; ಆದರೆ ಮೊದಲನೆಯದು ಮನುಷ್ಯನನ್ನು ದೈವಾಧೀನನನ್ನಾಗಿ ಮಾಡುತ್ತದೆ, ಏಕೆಂದರೆ ಅದೃಷ್ಟವು ನಮ್ಮ ಹಿಡಿತದಲ್ಲಿಲ್ಲ; ಎರಡನೆಯದು ಅವನಿಗೆ ಸ್ವಾತಂತ್ರ್ಯವನ್ನು ತರುತ್ತದೆ, ಏಕೆಂದರೆ ಯಾವ ಗ್ರಂಥವನ್ನು ಓದುವೆವು, ಯಾರ ಸಹವಾಸವನ್ನು ಮಾಡುವೆವು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮೊದಲನೆಯ ಬಗೆಯ ಸೂಕ್ಷ್ಮತೆಗೆ ಪರಿಹಾರವು ಮನಸ್ಸನ್ನು ಒರಟುಮಾಡಿಕೊಳ್ಳುವುದಲ್ಲ, ಎರಡನೆಯ ಬಗೆಯದನ್ನು ಬೆಳೆಸುವುದೆಂದು ಹ್ಯೂಮ್ ಹೇಳುತ್ತಾನೆ. ಮಕ್ಕಳಿಗೆ ಸಾಹಿತ್ಯವನ್ನು ಏಕೆ ಕಲಿಸಬೇಕೆಂಬ ಪ್ರಶ್ನೆಯು ನಮ್ಮ ವಿದ್ಯಾಲಯಗಳಲ್ಲಿ ಎದ್ದಾಗಲೆಲ್ಲ ಈ ವಾದವು ನನಗೆ ನೆನಪಾಗುತ್ತದೆ. ಇದಕ್ಕಿಂತ ಬಲವಾದ ಸಮರ್ಥನೆಯನ್ನು ನಾನು ಕಂಡಿಲ್ಲ.

ಅದೇ ಹ್ಯೂಮ್ 1757ರಲ್ಲಿ ಅಭಿರುಚಿಯ ಪ್ರಮಾಣವನ್ನು ಕುರಿತು ಬರೆದಾಗ, ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಒಂದು ಉಪಕಥೆಯನ್ನು ಎತ್ತಿಕೊಂಡನು. ಸಾಂಚೋ ಪಾಂಜಾನ ಕುಲದ ಇಬ್ಬರು ದ್ರಾಕ್ಷಾರಸದ ಪರೀಕ್ಷಕರನ್ನು ಒಂದು ಪೀಪಾಯಿಯ ರಸದ ಗುಣವನ್ನು ಹೇಳಲು ಕರೆಯಲಾಗಿತ್ತು. ರಸವು ಚೆನ್ನಾಗಿದೆ, ಆದರೆ ತೊಗಲಿನ ರುಚಿಯೊಂದು ಸೋಂಕಿದೆಯೆಂದು ಒಬ್ಬನು ಹೇಳಿದನು. ಕಬ್ಬಿಣದ ರುಚಿಯಿದೆಯೆಂದು ಇನ್ನೊಬ್ಬನು ಹೇಳಿದನು. ಇಬ್ಬರೂ ಪರಿಹಾಸ್ಯಕ್ಕೆ ಗುರಿಯಾದರು. ಪೀಪಾಯಿಯನ್ನು ಬರಿದುಮಾಡಿ ನೋಡಿದಾಗ ತಳದಲ್ಲಿ ತೊಗಲಿನ ದಾರಕ್ಕೆ ಕಟ್ಟಿದ್ದ ಹಳೆಯ ಬೀಗದಕೈಯೊಂದು ದೊರೆಯಿತು. ಇಂದ್ರಿಯಗಳು ಯಾವುದನ್ನೂ ತಪ್ಪಿಹೋಗಗೊಡದಷ್ಟು ನಯವಾಗಿಯೂ, ಮಿಶ್ರಣದ ಪ್ರತಿಯೊಂದು ಅಂಶವನ್ನೂ ಬೇರೆಬೇರೆಯಾಗಿ ಗುರುತಿಸುವಷ್ಟು ನಿಖರವಾಗಿಯೂ ಇರುವುದೇ ಅಭಿರುಚಿಯ ಸೌಕುಮಾರ್ಯವೆಂಬುದು ಇಲ್ಲಿಯ ತಾತ್ಪರ್ಯ. ಈ ಉಪಕಥೆಯಲ್ಲಿ ಎರಡು ಅಂಶಗಳು ನನ್ನನ್ನು ಆಕರ್ಷಿಸುತ್ತವೆ. ಒಂದು, ಪರೀಕ್ಷಕರಿಬ್ಬರೂ ಒಂದೇ ಮಾತನ್ನಾಡಲಿಲ್ಲ, ಆದರೂ ಇಬ್ಬರ ಮಾತೂ ದಿಟವಾಗಿತ್ತು. ಸೂಕ್ಷ್ಮಗ್ರಾಹಿಗಳ ಭಿನ್ನಾಭಿಪ್ರಾಯವೆಲ್ಲ ಭ್ರಾಂತಿಯಲ್ಲವೆಂಬುದಕ್ಕೆ ಇದು ಸಾಕ್ಷಿ. ಎರಡು, ನಕ್ಕವರ ನಾಲಗೆಗೆ ಏನೂ ತಿಳಿಯಲಿಲ್ಲವೆಂಬುದು ರಸದಲ್ಲಿ ಏನೂ ಇರಲಿಲ್ಲವೆಂಬುದಕ್ಕೆ ಪ್ರಮಾಣವಾಗಲಿಲ್ಲ. ಬಹುಮತವು ಸೂಕ್ಷ್ಮತೆಯನ್ನು ಕಲ್ಪನೆಯೆಂದು ತಳ್ಳಿಹಾಕಿದ ಸಂದರ್ಭಗಳು ಸಾಹಿತ್ಯ ವಿಮರ್ಶೆಯಲ್ಲಿಯೂ ಸಮಾಜದಲ್ಲಿಯೂ ಎಷ್ಟಿಲ್ಲ!

ಹ್ಯೂಮನ ಈ ಲೇಖನವು ಬೆಳಕು ಕಂಡ 1757ರಲ್ಲಿಯೇ ಎಡ್ಮಂಡ್ ಬರ್ಕ್ ಭವ್ಯತೆ ಮತ್ತು ಸೌಂದರ್ಯಗಳ ಮೂಲವನ್ನು ವಿಚಾರಿಸುವ ತನ್ನ ಗ್ರಂಥವನ್ನು ಪ್ರಕಟಿಸಿ, ಈ ಪದವನ್ನು ಬೇರೊಂದು ದಾರಿಗೆ ತಿರುಗಿಸಿದನು. ದೃಢತೆ ಮತ್ತು ಬಲಗಳ ತೋರಿಕೆಯು ಸೌಂದರ್ಯಕ್ಕೆ ಬಾಧಕವೆಂದೂ, ಸುಕುಮಾರತೆಯ, ಅಷ್ಟೇಕೆ, ಮುರಿದುಹೋಗುವಂತಹ ತೆಳುವಿನ ತೋರಿಕೆಯೇ ಅದಕ್ಕೆ ಬಹುಮಟ್ಟಿಗೆ ಅವಶ್ಯಕವೆಂದೂ ಅವನು ವಾದಿಸಿದನು. ಓಕ್ ಮತ್ತು ಎಲ್ಮ್ ಮರಗಳು ಗಂಭೀರ, ಆದರೆ ಕಿತ್ತಿಳೆ, ಮಲ್ಲಿಗೆ, ದ್ರಾಕ್ಷಿಬಳ್ಳಿಗಳೇ ಸುಂದರ. ಹೆಂಗಸರ ಚೆಲುವು ಬಹುಪಾಲು ಅವರ ಅಬಲತೆಗೆ ಋಣಿಯಾದುದು. ಅನಾರೋಗ್ಯವನ್ನು ಹೊರಗೆಡಹುವ ದೌರ್ಬಲ್ಯಕ್ಕೆ ಸೌಂದರ್ಯದಲ್ಲಿ ಪಾಲಿಲ್ಲವೆಂದು ಬರ್ಕನು ಸ್ಪಷ್ಟವಾಗಿಯೇ ಸೇರಿಸಿದ್ದಾನೆಂಬುದನ್ನು ಅವನ ಪರವಾಗಿ ಹೇಳಬೇಕು. ಆದರೆ ಅವನ ಅನಂತರದ ಕಾಲವು ಸಿದ್ಧಾಂತವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆತುಬಿಟ್ಟಿತು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1790ರಲ್ಲಿ ಬರ್ಕನಿಗೆ ಕೊಟ್ಟ ಉತ್ತರದಲ್ಲಿಯೂ, 1792ರ ತನ್ನ ಸ್ತ್ರೀಹಕ್ಕುಗಳ ಸಮರ್ಥನೆಯಲ್ಲಿಯೂ, ಈ ಮಾತಿನ ಬೇರಿಗೇ ಕೊಡಲಿಯಿಟ್ಟಳು. ಹೆಣ್ಣನ್ನು ಸುಕುಮಾರಿಯೆಂದು ಹೊಗಳುವುದು ಅವಳನ್ನು ಬಾಲ್ಯಾವಸ್ಥೆಯಲ್ಲಿಯೇ ಇರಿಸುವ ಉಪಾಯವೆಂದೂ, ವ್ಯಾಯಾಮವನ್ನೂ ವಿದ್ಯೆಯನ್ನೂ ಕೊಡದೆ ಬೆಳೆಸಿ ಅನಂತರ ಅವಳ ಬಲಹೀನತೆಯನ್ನು ನಿಸರ್ಗದ ವಿಧಿಯೆಂದು ಕರೆಯುವುದು ಅನ್ಯಾಯವೆಂದೂ ಅವಳು ವಾದಿಸಿದಳು. ಹ್ಯೂಮನ ಪರಿಭಾಷೆಯಲ್ಲಿ ಹೇಳುವುದಾದರೆ, ಗ್ರಹಿಸುವ ಸೌಕುಮಾರ್ಯವನ್ನು ಸ್ತ್ರೀಯಿಂದ ಕಸಿದುಕೊಂಡು ಮುರಿಯುವ ಸೌಕುಮಾರ್ಯವನ್ನು ಮಾತ್ರ ಅವಳಿಗೆ ಬಿಟ್ಟುಕೊಡಲಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಗೃಹಗಳಲ್ಲಿ ಈ ವಿಶೇಷಣವು ವೈದ್ಯರ ನಾಲಗೆಯ ಮೇಲೂ ತಾಯಂದಿರ ನಾಲಗೆಯ ಮೇಲೂ ನೆಲೆನಿಂತಿತು. ಗರ್ಭಿಣಿಯೆಂದು ನೇರವಾಗಿ ನುಡಿಯಲು ಸಂಕೋಚಪಟ್ಟವರು ‘ಡೆಲಿಕೇಟ್’ ಸ್ಥಿತಿಯೆಂದರು. ಕ್ಷಯದ ಹೆಸರನ್ನು ಹೇಳಲು ಅಂಜಿದವರೂ ಹಾಗೆಯೇ ಅಂದರು. ಕೆಂಪೇರಿದ ಕೆನ್ನೆ, ಹೊಳೆಯುವ ಕಣ್ಣು, ಪಾರದರ್ಶಕವಾದ ಚರ್ಮ ಇವನ್ನು ಕಾವ್ಯಮಯವೆಂದು ಭಾವಿಸಿದ ಒಂದು ತಲೆಮಾರು ಯುವಕ ಯುವತಿಯರ ಸಾವನ್ನು ಸೌಂದರ್ಯದ ಪರಿಭಾಷೆಯಲ್ಲಿ ವರ್ಣಿಸಿತು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಜೀವಾಣುವನ್ನು ಲೋಕಕ್ಕೆ ತೋರಿಸಿಕೊಟ್ಟ ಮೇಲೆ, ಕುಲೀನರ ಪ್ರಕೃತಿವಿಶೇಷವೆಂದು ಎಣಿಸಿದ್ದುದು ಗಾಳಿಯಿಲ್ಲದ ಕೊಠಡಿಗಳಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವ ಸೋಂಕು ಎಂಬುದು ಸ್ಥಿರವಾಯಿತು.

ಕವಯಿತ್ರಿ ಎಲಿಜಬೆತ್ ಬ್ಯಾರೆಟ್ಟಳ ಜೀವನವು ಈ ಪದದ ಮೇಲೆ ನಡೆದ ವಾದದಂತೆ ನನಗೆ ತೋರುತ್ತದೆ. 1806ರಲ್ಲಿ ಹುಟ್ಟಿದ ಅವಳು ಲಂಡನ್ನಿನ ವಿಂಪೋಲ್ ಬೀದಿಯ ಮನೆಯಲ್ಲಿ ವರ್ಷಗಟ್ಟಲೆ ಒಂದು ಕೋಣೆಗೆ ಸೀಮಿತಳಾಗಿ, ಮಕ್ಕಳ ಮದುವೆಗೇ ಸಮ್ಮತಿಸದ ತಂದೆಯ ಆಜ್ಞೆಯ ಕೆಳಗೆ, ಹೊರಗಿನ ತಣ್ಣನೆಯ ಗಾಳಿಯನ್ನೂ ತಾಳಲಾರದವಳೆಂಬ ಖ್ಯಾತಿಯೊಡನೆ ಬದುಕಿದಳು. ಅವಳ ವ್ಯಾಧಿಯು ನಿಜವಾದುದೇ; ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ 1846ರ ಸೆಪ್ಟೆಂಬರಿನಲ್ಲಿ ಅವಳು ಕವಿ ರಾಬರ್ಟ್ ಬ್ರೌನಿಂಗ್‌ನನ್ನು ಗುಟ್ಟಾಗಿ ವರಿಸಿ, ಕಡಲು ದಾಟಿ, ಇಟಲಿಯನ್ನು ಸೇರಿದಳು. 1849ರಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ತಾಯಿಯಾದಳು. 1856ರಲ್ಲಿ ‘ಅರೋರಾ ಲೀ’ ಎಂಬ ಪದ್ಯಕಾದಂಬರಿಯನ್ನು ಸಿದ್ಧಪಡಿಸಿ, ಹೆಣ್ಣೊಬ್ಬಳು ಕವಿಯಾಗಿ ಬಾಳುವ ಹಕ್ಕನ್ನು ಅದರಲ್ಲಿ ಪ್ರತಿಪಾದಿಸಿದಳು. ಆ ಕೋಣೆಯಲ್ಲಿ ಗ್ರೀಕ್ ಭಾಷೆಯನ್ನು ಓದುತ್ತ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಅಳಲನ್ನು 1843ರಲ್ಲಿಯೇ ಪದ್ಯವಾಗಿಸಿದ ಅವಳ ಚಿತ್ತದ ಸೌಕುಮಾರ್ಯವು ದೇಹದ ಸೌಕುಮಾರ್ಯಕ್ಕಿಂತ ಬೇರೆಯಾದುದು. ಮನೆಯವರು ಕಂಡುದು ಒಂದನ್ನು, ನಾವು ಓದುವುದು ಇನ್ನೊಂದನ್ನು.

ಇಪ್ಪತ್ತನೆಯ ಶತಮಾನವು ಈ ವಿಶೇಷಣವನ್ನು ಸರ್ಕಾರದ ಕಡತಕ್ಕೆ ಸೇರಿಸಿತು. 1904ರಲ್ಲಿ ಬರ್ಲಿನ್ನಿನ ಬಳಿಯ ಷಾರ್ಲಾಟೆನ್‌ಬುರ್ಗ್‌ನ ಅರಣ್ಯದಲ್ಲಿ ಕೃಶರಾದ ಮಕ್ಕಳಿಗೆಂದು ಬಯಲುಶಾಲೆಯೊಂದನ್ನು ತೆರೆಯಲಾಯಿತು. 1907ರಲ್ಲಿ ಲಂಡನ್ ನಗರವು ಬಾಸ್ಟಲ್ ವುಡ್ ಎಂಬಲ್ಲಿ ಅದನ್ನನುಸರಿಸಿತು. ಮರಗಳ ನೆರಳಿನಲ್ಲಿ ಪಾಠ, ಹೊಟ್ಟೆತುಂಬ ಆಹಾರ, ಮಧ್ಯಾಹ್ನ ಬಯಲಿನಲ್ಲಿಯೇ ನಿದ್ರೆ: ಇದೇ ಅಲ್ಲಿಯ ಚಿಕಿತ್ಸೆ. 1944ರ ಶಿಕ್ಷಣ ಶಾಸನವನ್ನು ಅನುಸರಿಸಿ 1945ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ನಿಬಂಧನೆಗಳು, ವಿಶೇಷ ಬೋಧನೆಯನ್ನು ಪಡೆಯಲರ್ಹರಾದ ಮಕ್ಕಳನ್ನು ವರ್ಗೀಕರಿಸುವಾಗ, ಕುರುಡರು, ಕಿವುಡರು, ಮೂರ್ಛಾರೋಗಿಗಳು ಮುಂತಾದವರ ಸಾಲಿನಲ್ಲಿ ‘ಡೆಲಿಕೇಟ್’ ಮಕ್ಕಳೆಂಬ ಒಂದು ವರ್ಗವನ್ನೇ ಸ್ಥಾಪಿಸಿದವು: ಶರೀರಸ್ಥಿತಿಯ ದೆಸೆಯಿಂದ ಪರಿಸರದ ಬದಲಾವಣೆಯನ್ನು ಬೇಡುವವರು, ಸಾಮಾನ್ಯ ಶಾಲೆಯ ದಿನಚರಿಯನ್ನು ಅಪಾಯವಿಲ್ಲದೆ ತಾಳಲಾರದವರು. ಶೇಕ್ಸ್‌ಪಿಯರನು ಏರಿಯಲ್‌ನಿಗೆ ಕೊಟ್ಟ ವಿಶೇಷಣವು ಶಾಲಾ ವೈದ್ಯನ ಚೀಟಿಯ ಮೇಲೆ ಬಂದುದನ್ನು ಕೆಲವರು ಪತನವೆಂದು ಭಾವಿಸಬಹುದು. ನಾನು ಹಾಗೆ ಭಾವಿಸುವುದಿಲ್ಲ. ಹಿಂದಿನ ಶತಮಾನವು ಈ ಪದವನ್ನು ಹೊಗಳಿಕೆಯಾಗಿ ಬಳಸಿ ಜೀವಗಳನ್ನು ಕೋಣೆಗಳಲ್ಲಿ ಮುಚ್ಚಿಟ್ಟಿತು. ಈ ಶಾಲೆಗಳು ಅದನ್ನು ಒಂದು ಹೊಣೆಯಾಗಿ ಬಳಸಿ ಮಕ್ಕಳನ್ನು ಬೆಳಕಿಗೆ ಕರೆತಂದವು. 1981ರ ಶಾಸನವು ಈ ವರ್ಗೀಕರಣವನ್ನೇ ತೆಗೆದುಹಾಕಿ ಪ್ರತಿಯೊಂದು ಮಗುವಿನ ಅಗತ್ಯವನ್ನೂ ಬೇರೆಬೇರೆಯಾಗಿ ನೋಡಬೇಕೆಂದಿತು. ಅದೂ ಯುಕ್ತವೇ.

ವಿಜ್ಞಾನದ ಪ್ರಯೋಗಶಾಲೆಯಲ್ಲಿ ಈ ಪದದ ಅರ್ಥವು ನಿಷ್ಕಳಂಕವಾಗಿ ಉಳಿದಿದೆ. ಅಲ್ಲಿ ಒಂದು ಉಪಕರಣವನ್ನು ‘ಡೆಲಿಕೇಟ್’ ಎಂದಾಗ, ಬಿದ್ದರೆ ಒಡೆದೀತೆಂಬುದಕ್ಕಿಂತ ಮಿಗಿಲಾಗಿ, ಇತರ ಉಪಕರಣಗಳಿಗೆ ತಿಳಿಯದುದು ಇದಕ್ಕೆ ತಿಳಿಯುತ್ತದೆಯೆಂಬುದೇ ತಾತ್ಪರ್ಯ. ಹೆನ್ರಿ ಕ್ಯಾವೆಂಡಿಷ್ ಭೂಮಿಯ ಸಾಂದ್ರತೆಯನ್ನು ಅಳೆದು 1798ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಿರಿ. ಜಾನ್ ಮಿಶೆಲ್ ಎಂಬ ಪಾದ್ರಿಯು ಮೊದಲು ಕಲ್ಪಿಸಿದ್ದ ಆ ಸಲಕರಣೆಯಲ್ಲಿ ಆರಡಿಯ ಮರದ ದಂಡವೊಂದು ತಂತಿಯಿಂದ ತೂಗುತ್ತಿತ್ತು. ಅದರ ತುದಿಗಳಲ್ಲಿ ಎರಡು ಸಣ್ಣ ಸೀಸದ ಗುಂಡುಗಳು. ಅವುಗಳ ಸಮೀಪಕ್ಕೆ ಸುಮಾರು 158 ಕಿಲೋಗ್ರಾಂ ತೂಗುವ ದೊಡ್ಡ ಗುಂಡುಗಳನ್ನು ತಂದಾಗ, ಗುರುತ್ವಾಕರ್ಷಣೆಯಿಂದ ದಂಡವು ಅತ್ಯಲ್ಪವಾಗಿ ತಿರುಗುತ್ತಿತ್ತು. ಪ್ರಯೋಗಕಾರನ ಮೈಶಾಖದಿಂದ ಗಾಳಿಯು ಅಲುಗಿದರೂ ಫಲಿತಾಂಶವು ಕೆಡುವುದೆಂದು ಕ್ಯಾವೆಂಡಿಷ್ ತಾನೇ ಕೋಣೆಯಿಂದ ಹೊರಬಂದು, ಬಾಗಿಲನ್ನು ಮುಚ್ಚಿ, ಗೋಡೆಯ ರಂಧ್ರದ ಮೂಲಕ ದೂರದರ್ಶಕದಿಂದ ಅದನ್ನು ನೋಡಿದನು. ಭೂಮಿಯು ನೀರಿಗಿಂತ 5.48 ಪಾಲು ಸಾಂದ್ರವಾದುದೆಂದು ಅವನು ನಿರ್ಧರಿಸಿದನು. ಇಂದಿನ ಅಳತೆಯು 5.51. ಭೂಮಂಡಲವನ್ನು ತೂಗಲು ಬೇಕಾದುದು ಒಬ್ಬ ಮನುಷ್ಯನ ಮೈಶಾಖವನ್ನೂ ತಾಳಲಾರದ ಒಂದು ತಂತಿ! ತೂಗುವವನೂ ಆ ತಂತಿಯಷ್ಟೇ ಸುಕುಮಾರನಾಗಿರಬೇಕಾಯಿತೆಂಬುದನ್ನು ಗಮನಿಸಬೇಕು. ತನ್ನ ಸನ್ನಿಧಿಯೇ ಒಂದು ಬಾಧೆಯೆಂದು ಅರಿತು ಹೊರಗೆ ನಿಲ್ಲುವುದು ಉಪಕರಣದ ಗುಣವಲ್ಲ, ಮನಸ್ಸಿನ ಗುಣ.

ಆ ಪರಂಪರೆಯು ನಮ್ಮ ಕಾಲದವರೆಗೂ ಹರಿದುಬಂದಿದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಬಾಹುಗಳುಳ್ಳ ಲೈಗೋ ಯಂತ್ರಗಳು, ಆ ಬಾಹುಗಳ ಉದ್ದದಲ್ಲಿ ಪ್ರೋಟಾನಿನ ವ್ಯಾಸದ ಸಾವಿರದಲ್ಲೊಂದು ಭಾಗಕ್ಕೆ ಹೋಲಿಸಬಹುದಾದಷ್ಟು ಅಲ್ಪವಾದ ವ್ಯತ್ಯಾಸವನ್ನು ಹಿಡಿದು, ಎರಡು ಕಪ್ಪುರಂಧ್ರಗಳ ಸಂಘಟ್ಟನೆಯಿಂದ ಹೊರಟ ಗುರುತ್ವದ ಅಲೆಗಳನ್ನು ಗುರುತಿಸಿದವು. ಕಲಕಿದ ಕಪ್ಪುರಂಧ್ರವು ತನ್ನದೇ ಒಂದು ಕಂಪನವನ್ನು ಹೊಮ್ಮಿಸಿ ಶಾಂತವಾಗುತ್ತದೆಂಬುದನ್ನು 1970ರಲ್ಲಿಯೇ ಲೆಕ್ಕಹಾಕಿ ತೋರಿಸಿದವರು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ. ವಿ. ವಿಶ್ವೇಶ್ವರ. ಅಳಿದುಹೋಗುತ್ತಿರುವ ಆ ಕಿರುಕಂಪನವು ಯಂತ್ರದ ಅಳತೆಯಲ್ಲಿ ಮೂಡಿದುದನ್ನು ಅರಿಯುವವರೆಗೂ ಅವರು ಬದುಕಿದ್ದರೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡುವ ಸಂಗತಿ.

ಕ್ರೀಡಾಂಗಣದಲ್ಲಿಯೂ ಈ ವಿಶೇಷಣಕ್ಕೆ ಸ್ಥಾನವಿದೆ. ಕ್ರಿಕೆಟ್ಟಿನ ‘ಲೇಟ್ ಕಟ್’ ಹೊಡೆತವನ್ನು ಬಣ್ಣಿಸುವಾಗ ಆಂಗ್ಲ ವರದಿಗಾರರು ತಪ್ಪದೆ ಬಳಸುವ ಮಾತು ಇದು. ಚೆಂಡು ಆಟಗಾರನ ದೇಹವನ್ನು ಬಹುಮಟ್ಟಿಗೆ ದಾಟಿದ ಮೇಲೆ, ಇನ್ನೇನು ವಿಕೆಟ್ ರಕ್ಷಕನ ಕೈಸೇರುವುದೆನ್ನುವಾಗ, ಬ್ಯಾಟಿನಿಂದ ಅದರ ಬೆನ್ನನ್ನು ಸೋಕಿಸಿ, ಅದರದೇ ವೇಗವನ್ನು ಬಳಸಿಕೊಂಡು ಹಿಂದಣ ಬೇಲಿಗೆ ಅಟ್ಟುವುದು ಆ ಹೊಡೆತ. ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಆಟವನ್ನು ಕಂಡ ಪೀಳಿಗೆಗೆ ಇದನ್ನು ವಿವರಿಸಬೇಕಾಗಿಲ್ಲ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ಆ್ಯಂಡಿ ರಾಬರ್ಟ್ಸನ ಭೀಕರ ವೇಗದ ಎದುರು ಭಾರತ ತಂಡವು 190ಕ್ಕೆ ಉರುಳಿದಾಗ, ಅದರಲ್ಲಿ ಅಜೇಯರಾಗಿ 97 ಓಟಗಳನ್ನು ಗಳಿಸಿದವರು ಆ ಗಿಡ್ಡ ಮೈಕಟ್ಟಿನ, ಮೃದು ಮಣಿಕಟ್ಟಿನ ಆಟಗಾರರೇ.

ಆಡಳಿತ ಮತ್ತು ರಾಯಭಾರದ ಭಾಷೆಯಲ್ಲಿ ಈ ಪದದ ಪ್ರಯೋಗವು ನನಗೆ ಅಷ್ಟಾಗಿ ರುಚಿಸುವುದಿಲ್ಲ. ‘ವಿಷಯವು ಸೂಕ್ಷ್ಮವಾದುದು’ ಎಂಬುದು ಎಷ್ಟೋ ಸಲ ಉತ್ತರವನ್ನು ಕೊಡದಿರುವ ನಿರ್ಧಾರಕ್ಕೆ ಹೊದಿಸಿದ ವಸ್ತ್ರ. ಆದಾಗ್ಯೂ ಅಲ್ಲಿಯೂ ಒಂದು ಸತ್ಯಾಂಶವಿದೆ. ಸಂಧಾನವನ್ನು ಹೀಗೆ ಕರೆದಾಗ, ಗುಣವು ವಸ್ತುವಿನಿಂದ ಕೈಗೆ ವರ್ಗಾವಣೆಯಾಗುತ್ತದೆ: ಒಡೆಯುವುದು ಯಾವುದೋ ಒಂದು ವಿಶ್ವಾಸ, ನಯವಾಗಿರಬೇಕಾದವರು ಅದನ್ನು ಮುಟ್ಟುವವರು.

ನಮ್ಮ ಕಾವ್ಯಮೀಮಾಂಸೆಗೆ ಈ ಗುಣವು ಅಪರಿಚಿತವಲ್ಲ. ದಂಡಿಯು ಎಣಿಸಿದ ಹತ್ತು ಕಾವ್ಯಗುಣಗಳಲ್ಲಿ ಸುಕುಮಾರತೆಯೂ ಒಂದು. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’ದ ಮೂಲಕ ಒಂಬತ್ತನೆಯ ಶತಮಾನದಲ್ಲಿಯೇ ಆ ವಿಚಾರಸರಣಿಯು ಕನ್ನಡಕ್ಕೆ ಬಂದಿತು. ನಿಷ್ಠುರವಲ್ಲದ ಅಕ್ಷರಗಳ ಬಾಹುಳ್ಯವೇ ಸುಕುಮಾರತೆಯೆಂದು ಹೇಳಿದ ಉಸಿರಿನಲ್ಲಿಯೇ ದಂಡಿಯು, ಎಲ್ಲ ಅಕ್ಷರಗಳೂ ಕೋಮಲವಾಗಿಬಿಟ್ಟರೆ ಬಂಧವು ಸಡಿಲವಾಗುವ ದೋಷವೊದಗುವುದೆಂದು ಎಚ್ಚರಿಸುತ್ತಾನೆ. ಬರ್ಕನ ಓದುಗರಿಗೆ ಈ ಎಚ್ಚರಿಕೆಯು ದೊರೆತಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಕಾಶ್ಮೀರದ ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ಸುಕುಮಾರವೆಂಬ ಮಾರ್ಗವನ್ನೇ ಪ್ರತ್ಯೇಕಿಸಿ, ಕಾಳಿದಾಸನನ್ನು ಅದರ ಪಥಿಕನನ್ನಾಗಿ ಕಂಡನು, ಕವಿಯ ಪ್ರಯಾಸವು ಎದ್ದುಕಾಣದಂತೆ ಪ್ರತಿಭೆಯೇ ಅರಳಿಸಿದ ಸಹಜತೆಯು ಆ ಮಾರ್ಗದ ಲಕ್ಷಣ. ಅಲ್ಲಿ ದೌರ್ಬಲ್ಯದ ವಾಸನೆಯೂ ಇಲ್ಲ.

ಇಂದಿನ ಸಾರ್ವಜನಿಕ ವ್ಯವಹಾರದಲ್ಲಿ ‘ಡೆಲಿಕೇಟ್’ ಎಂಬುದರ ಆಸ್ತಿಯ ಬಹುಭಾಗವನ್ನು ಅದರ ದಾಯಾದಿಯಾದ ‘ಸೆನ್ಸಿಟಿವ್’ ಎಂಬ ವಿಶೇಷಣವು ವಶಪಡಿಸಿಕೊಂಡಿದೆ. ಅದು ‘ಸೂಕ್ಷ್ಮ’ ಎಂಬ ರೂಪದಲ್ಲಿ ಕನ್ನಡ ಪತ್ರಿಕೆಗಳನ್ನು ಪ್ರವೇಶಿಸಿ, ಚುನಾವಣೆ ಬಂದಾಗ ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆಗಳಾಗಿಯೂ, ಮಲೆನಾಡಿನಲ್ಲಿ ಪರಿಸರ ಸೂಕ್ಷ್ಮ ಪ್ರದೇಶವಾಗಿಯೂ ಜನರ ಬಾಯಲ್ಲಿ ನೆಲಸಿದೆ. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ಇಡೀ ಪಶ್ಚಿಮಘಟ್ಟಕ್ಕೆ ಈ ವಿಶೇಷಣವನ್ನು ಕೊಟ್ಟು, ಅದರೊಳಗೆ ಮೂರು ತರಗತಿಗಳನ್ನು ಮಾಡಿತು. ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಅದನ್ನು ಘಟ್ಟಪ್ರದೇಶದ ಶೇಕಡ 37ರಷ್ಟು ಭಾಗಕ್ಕೆ ಪರಿಮಿತಗೊಳಿಸಿತು, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಊರೂರುಗಳಲ್ಲಿ ವಿರೋಧವೆದ್ದಿತು. ತಮ್ಮ ತೋಟ, ಮನೆ, ದಾರಿಗಳಿಗೆ ಯಾರೋ ಒಬ್ಬರು ದೂರದಿಂದ ಒಂದು ವಿಶೇಷಣವನ್ನು ಅಂಟಿಸಿ, ಇನ್ನು ಮುಂದೆ ಇದನ್ನು ಮುಟ್ಟಕೂಡದೆಂದು ಹೇಳುತ್ತಿದ್ದಾರೆಂಬುದು ಅಲ್ಲಿಯ ಜನರ ಅಳಲು. ವಿಂಪೋಲ್ ಬೀದಿಯ ಕೋಣೆಯನ್ನು ನೆನೆದಾಗ ಈ ಅಳಲನ್ನು ನಾನು ಲಘುವಾಗಿ ಎಣಿಸಲಾರೆ. ಆದರೆ ಆ ಕಾಡು ನಿಜವಾಗಿಯೂ ಸೂಕ್ಷ್ಮವಾದುದೆಂಬುದನ್ನೂ ಅಲ್ಲಗಳೆಯಲಾರೆ. ಗುಡ್ಡವನ್ನು ಕಡಿದೆಡೆಯಲ್ಲಿ ನೆಲ ಕುಸಿಯುವುದನ್ನೂ, ಮೇಲಣ ಕಾಡು ಹೋದ ಮೇಲೆ ಬೇಸಗೆಯಲ್ಲಿ ಹಳ್ಳವು ಬತ್ತುವುದನ್ನೂ ಮೊದಲು ಅರಿಯುವವರು ಅಲ್ಲಿಯ ಒಕ್ಕಲಿಗರು, ಅಲ್ಲಿಯ ಹೆಂಗಸರು. ಯಾವ ನೆಲಕ್ಕೆ ಯಾವ ರಕ್ಷಣೆ ಬೇಕೆಂಬುದನ್ನು ಗ್ರಾಮಸಭೆಗಳನ್ನು ಕೇಳಿಯೇ ನಿಶ್ಚಯಿಸಬೇಕೆಂದು ಗಾಡ್ಗೀಳರ ವರದಿಯು ಸೂಚಿಸಿತ್ತು. ಆ ಸಭೆಗಳ ಮುಂದೆ ವರದಿಯನ್ನು ಕನ್ನಡದಲ್ಲಿ ಇಟ್ಟು, ಅವರ ಅನುಭವವನ್ನು ಕೇಳಿ ಬರೆದುಕೊಂಡ ಮೇಲೆ, ನಕಾಶೆಯ ಗೆರೆಗಳನ್ನು ಎಳೆಯಬೇಕಾಗಿತ್ತು; ಈಗಲೂ ಎಳೆಯಬಹುದು.